ಹಿಂದೂ ಮಹಾಸಾಗರ, ಹಲವು ದೇಶಗಳ ವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರ ವಿಜ್ಞಾನದ ಬಗ್ಗೆ ಮಾತಾಡಲು ಹೋದ ಕಡೆ, ಓದುಗರ ಪತ್ರಗಳಲ್ಲಿ, ದಕ್ಕೆಯ ಚಹಾದಂಗಡಿಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇನೆ. ಸುಲಭದವು ಮೊದಲು, ತಲೆ ಕೆರೆಸುವವು ಕೊನೆಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿಗೆ

ನಮ್ಮ ಕಡಲನ್ನ ನಾವೇ ನೋಡ್ಕೊಂಡ್ರೆ ಸಾಲದಾ? ಬೇರೆ ದೇಶದವರು ಯಾಕೆ ಬೇಕು?

ಸಾಲದು. ಉಳ್ಳಾಲದಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆಕಾಶದಲ್ಲಿ ಮೋಡವೂ ಇಲ್ಲ ಅಂದುಕೊಳ್ಳಿ. ಆದರೂ ಒಂದು ದಿನ ಅಲೆಗಳು ದಡ ಮೀರಿ ಒಳಗೆ ನುಗ್ಗುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಆ ಅಲೆ ಹುಟ್ಟಿದ್ದು ನಮ್ಮ ಹತ್ತಿರ ಎಲ್ಲೂ ಅಲ್ಲ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾದ ಕಡೆ ಎದ್ದ ತೂಫಾನು ಅದನ್ನು ಹುಟ್ಟಿಸುತ್ತದೆ. ಸಾವಿರಾರು ಕಿಲೋಮೀಟರ್ ಸಾಗಿ ಕೆಲವು ದಿನಗಳ ಮೇಲೆ ಅದು ನಮ್ಮ ದಡ ಮುಟ್ಟುತ್ತದೆ. ಭಾರತದ ಆರ್ಥಿಕ ವಲಯ, ಅಂದರೆ ಸಮುದ್ರದ ಸಂಪತ್ತಿನ ಮೇಲೆ ನಮಗೆ ಹಕ್ಕಿರುವ ಜಾಗ, ಇರುವುದು ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗೆ. ಅಷ್ಟರೊಳಗೆ ಮಾತ್ರ ಅಳೆಯುತ್ತಾ ಕೂತರೆ, ನೀರು ಅಂಗಳಕ್ಕೆ ಬರುವ ಹೊತ್ತಿಗೆ ಸುದ್ದಿಯೂ ಬರುತ್ತದೆ, ಅಷ್ಟೇ.

ಮೀನಿನ ವಿಷಯವೂ ಹೀಗೇ. ಬೂತಾಯಿ ಬರೀ ಕರ್ನಾಟಕ, ಕೇರಳದ್ದಲ್ಲ. ಅದೇ ಜಾತಿ ಪಾಕಿಸ್ತಾನ, ಇರಾನ್, ಒಮಾನ್ ದಡಗಳಲ್ಲೂ ಸಿಗುತ್ತದೆ. ಟ್ಯೂನಾ ಮೀನಿಗಂತೂ ಗಡಿ ಅನ್ನುವುದೇ ಇಲ್ಲ. ಅರಬ್ಬಿ ಸಮುದ್ರದ ನಡುಪದರದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ವಿಶಾಲ ಜಾಗವೊಂದಿದೆ. ಅದು ಎಷ್ಟು ಹಿಗ್ಗುತ್ತಿದೆ ಎಂದು ತಿಳಿಯಲು ಅದರ ಸುತ್ತ ಇರುವ ದೇಶಗಳೆಲ್ಲ ಅಳೆಯಬೇಕು. ಒಬ್ಬರು ಬಿಟ್ಟರೂ ನಕ್ಷೆಯಲ್ಲಿ ತೂತು.

ಇದೆಲ್ಲ ಈಚೆಗೆ ಶುರುವಾಗಿದ್ದಾ?

ಅಲ್ಲ. 1933-34ರಲ್ಲೇ ಈಜಿಪ್ಟಿನ ಮಬಾಹಿಸ್ ಎಂಬ ಹಡಗು ಅರಬ್ಬಿ ಸಮುದ್ರವನ್ನು ಸುತ್ತಿ ಅಳೆದಿತ್ತು. ಹಡಗು ಈಜಿಪ್ಟಿನದು, ಸಂಶೋಧನೆಯ ಮುಂದಾಳುಗಳು ಬ್ರಿಟಿಷರು.

ದೊಡ್ಡ ಹೆಜ್ಜೆ ಅಂದರೆ 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ. ಆಗ ಜಗತ್ತಿನ ಸಾಗರಗಳಲ್ಲಿ ಅತಿ ಕಡಿಮೆ ಗೊತ್ತಿದ್ದದ್ದು ನಮ್ಮದೇ. ಹತ್ತಕ್ಕೂ ಹೆಚ್ಚು ದೇಶಗಳ ಸುಮಾರು 40 ಹಡಗುಗಳು ಇದರಲ್ಲಿ ಸೇರಿದವು. ಶೀತಲ ಸಮರ ಜೋರಾಗಿದ್ದ ಕಾಲದಲ್ಲಿ ಸೋವಿಯತ್ ಹಡಗೂ ಅಮೆರಿಕದ ಹಡಗೂ ಒಂದೇ ಯೋಜನೆಗೆ ದುಡಿದವು. ಅಮೆರಿಕ ಕಳಿಸಿದ ಹಡಗುಗಳಲ್ಲಿ ಒಂದು ಆಂಟನ್ ಬ್ರೂನ್. ಅದು ಹಿಂದೆ ಅಧ್ಯಕ್ಷ ಟ್ರೂಮನ್ ಅವರ ವಿಹಾರ ನೌಕೆಯಾಗಿತ್ತು! ಭಾರತದ ಕಡೆಯಿಂದ ನೌಕಾಪಡೆಯ ಐಎನ್‌ಎಸ್ ಕಿಸ್ತ್ನಾ ಹೋಯಿತು.

ಯಾನ ಮುಗಿದ ಮೇಲೆ ಉಳಿದದ್ದು ಏನು ಅನ್ನುವುದು ನನಗೆ ಹೆಚ್ಚು ಮುಖ್ಯ. ಹಿಡಿದು ತಂದ ಜೀವಿಗಳನ್ನು ವಿಂಗಡಿಸಲು 1962ರಲ್ಲಿ ಕೊಚ್ಚಿಯಲ್ಲಿ ಒಂದು ಕೇಂದ್ರ ಶುರುವಾಯಿತು. ಮಾದರಿಗಳೆಲ್ಲ ಯುರೋಪಿಗೋ ಅಮೆರಿಕಕ್ಕೋ ಹೋಗಿ ಸೇರದೆ ಇಲ್ಲೇ ಉಳಿದವು. ಇಲ್ಲಿನ ಹುಡುಗ ಹುಡುಗಿಯರು ಅವುಗಳ ಮೇಲೇ ಕೆಲಸ ಕಲಿತರು. 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಈಗ ಗೋವಾದಲ್ಲಿ ಅದರ ಮುಖ್ಯ ಕಚೇರಿ ಇದೆ. ಕೊಚ್ಚಿಯ ಆ ಕೇಂದ್ರ ಅದರೊಳಗೇ ಸೇರಿತು. ಯಾನದ ಅಳತೆಗಳಿಂದ ಸಾಗರ ವಿಜ್ಞಾನಿ ಕ್ಲಾಸ್ ವಿರ್ಟ್ಕಿ ಸಿದ್ಧಪಡಿಸಿದ ಸಾಗರ ಭೂಪಟ 1971ರಲ್ಲಿ ಹೊರಬಂತು.

ಆ ಯಾನದ ಎರಡನೇ ಸುತ್ತು 2015ರ ಡಿಸೆಂಬರಿನಲ್ಲಿ ಗೋವಾದಿಂದಲೇ ಹೊರಟಿತು. ಸಾಗರ ನಿಧಿ ಹಡಗು ಮೊರ್ಮುಗಾವಿನಿಂದ ಮಾರಿಷಸ್ ಕಡೆಗೆ ಸಾಗಿತು. ಐದು ವರ್ಷಕ್ಕೆಂದು ಹಾಕಿದ ಯೋಜನೆಯನ್ನು ಆಮೇಲೆ ಮುಂದುವರಿಸಿದರು.

ಐಒಸಿ, ಐಒರಾ, ಇನ್‌ಕಾಯಿಸ್... ಯಾರು ಏನು ಮಾಡ್ತಾರೆ ಅಂತ ಒಂದೇ ಉಸಿರಲ್ಲಿ ಹೇಳಿ.

ಐಒಸಿ ಯುನೆಸ್ಕೋದೊಳಗಿನ ಸಾಗರ ಆಯೋಗ. 1960ರಲ್ಲಿ ಶುರುವಾಯಿತು, ಕಚೇರಿ ಪ್ಯಾರಿಸ್. ದೇಶಗಳ ನಡುವೆ ಸಾಗರ ವಿಜ್ಞಾನವನ್ನು ಹೊಂದಿಸುವುದು ಅದರ ಕೆಲಸ. ಐಒರಾ 1997ರಲ್ಲಿ ಹುಟ್ಟಿದ, ಈ ಸಾಗರದ ಸುತ್ತಲಿನ ದೇಶಗಳ ಕೂಟ; ಕಚೇರಿ ಮಾರಿಷಸ್‌ನಲ್ಲಿ. ಅಲ್ಲಿ ವ್ಯಾಪಾರ, ರಾಜಕೀಯ ಮುಂದೆ, ವಿಜ್ಞಾನ ಸ್ವಲ್ಪ ಹಿಂದೆ. ಹೈದರಾಬಾದಿನ ಇನ್‌ಕಾಯಿಸ್ ನಮ್ಮ ಸರ್ಕಾರದ್ದು. ಅಲೆ, ಸುನಾಮಿ, ಮೀನು ಸಿಗುವ ಜಾಗ, ಎಲ್ಲ ಮುನ್ಸೂಚನೆಯೂ ಅಲ್ಲಿಂದಲೇ. ಸಮುದ್ರವೇ ಇಲ್ಲದ ಊರಲ್ಲಿ ಯಾಕೆ ಅಂತ ಕೇಳಬೇಡಿ. ಮಾಹಿತಿ ಬರುವುದು ಉಪಗ್ರಹದಿಂದ, ಅದಕ್ಕೆ ದಡ ಬೇಕಿಲ್ಲ.

2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಸಾಗರ ವಿಜ್ಞಾನದ ದಶಕ ಎಂದು ಸಾರಿದೆ. ಅದರಲ್ಲಿ ಹಿಂದೂ ಮಹಾಸಾಗರ ವಲಯದ ಕೆಲಸಕ್ಕೆ ಒಂದು ಸಹಯೋಗ ಕೇಂದ್ರವೂ ಇನ್‌ಕಾಯಿಸ್‌ನಲ್ಲಿದೆ.

## ಕೆಲಸ ನಡೆಯುವ ಬಗೆ

ಆರ್ಗೋ ಯಂತ್ರ ಅಂತಾರಲ್ಲ, ಬಲೆಗೆ ಸಿಕ್ಕಿದ್ರೆ ಏನು ಮಾಡ್ಬೇಕು?

ಬಿಚ್ಚಬೇಡಿ. ಒಳಗೆ ಬ್ಯಾಟರಿ ಇರುತ್ತದೆ, ಅದು ಅಪಾಯ. ಮೇಲೆ ಅಂಟಿಸಿದ ಚೀಟಿಯ ಫೋಟೋ ತೆಗೆದು ಕರಾವಳಿ ಕಾವಲು ಪೊಲೀಸರಿಗೋ ಮೀನುಗಾರಿಕೆ ಇಲಾಖೆಗೋ ತಿಳಿಸಿ.

ಅದು ಆಳೆತ್ತರದ ಒಂದು ಕೊಳವೆ. ಸಾವಿರ ಮೀಟರ್ ಆಳದಲ್ಲಿ ಪ್ರವಾಹದ ಜೊತೆ ತೇಲುತ್ತಿರುತ್ತದೆ. ಸುಮಾರು 10 ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತಾ ನೀರಿನ ಬಿಸಿ, ಉಪ್ಪು ಅಳೆಯುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಇಂಥವು ಜಗತ್ತಿನಾದ್ಯಂತ ಸುಮಾರು 4000 ಇವೆ. ಸುಮಾರು 30 ದೇಶಗಳು ಕೂಡಿ ಇವನ್ನು ಬಿಡುತ್ತವೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದು ನಿಯಮ: ಯಾವ ದೇಶ ಬಿಟ್ಟಿದ್ದರೂ ಅಳತೆ ಒಂದು ದಿನದೊಳಗೆ ಎಲ್ಲರಿಗೂ ಪುಕ್ಕಟೆ. ಈ ಸಾಗರದ ಅಳತೆಗಳನ್ನು ಒಟ್ಟುಗೂಡಿಸಿ ತಿದ್ದುವ ಪ್ರಾದೇಶಿಕ ಕೇಂದ್ರಗಳಲ್ಲಿ ಇನ್‌ಕಾಯಿಸ್ ಕೂಡ ಇದೆ. ಸದ್ದಿಲ್ಲದ ಕೆಲಸ, ಯಾರೂ ಹೊಗಳುವುದಿಲ್ಲ. ಆದರೆ ಅದು ತಪ್ಪಿದರೆ ಮುಂಗಾರಿನ ಲೆಕ್ಕವೂ ತಪ್ಪುತ್ತದೆ.

ಬೋಯ್ ಪಕ್ಕ ಮೀನು ಜಾಸ್ತಿ ಇರುತ್ತೆ. ಅಲ್ಲಿ ಬಲೆ ಹಾಕಿದ್ರೆ ಏನು ತಪ್ಪು?

ಬೋಯ್ ಅಂದರೆ ಸಮುದ್ರತಳಕ್ಕೆ ಲಂಗರು ಕಟ್ಟಿ ತೇಲಬಿಟ್ಟ ಅಳತೆಯ ಯಂತ್ರ. ಅಲ್ಲಿ ಮೀನು ಜಾಸ್ತಿ ಇರುತ್ತದೆ, ನಿಜ. ನಡು ಸಮುದ್ರದಲ್ಲಿ ಏನೇ ತೇಲಲಿ, ಅದರ ನೆರಳಿಗೆ ಸಣ್ಣ ಮೀನು ಸೇರುತ್ತದೆ, ಅದರ ಹಿಂದೆ ಟ್ಯೂನಾ. ಆಳಸಮುದ್ರಕ್ಕೆ ಹೋಗುವವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ತೊಂದರೆ ಏನೆಂದರೆ, ಬೋಟನ್ನು ಬೋಯ್‌ಗೆ ಕಟ್ಟಿದಾಗ, ಬಲೆ ಸಿಕ್ಕಿಕೊಂಡಾಗ, ಕೆಳಗೆ ನೇತಾಡುವ ತಂತಿ ಮತ್ತು ಅಳತೆಯ ಉಪಕರಣ ಹರಿದುಹೋಗುತ್ತದೆ. ಕೆಲವರು ಸೌರಫಲಕ, ಬ್ಯಾಟರಿಗಾಗಿ ಬಿಚ್ಚುವುದೂ ಉಂಟು.

ಹಿಂದೂ ಮಹಾಸಾಗರದ ನಡುವೆ ರಾಮ ಎಂಬ ಬೋಯ್‌ಗಳ ಸಾಲು ಇದೆ. ಪುರಾಣದ ರಾಮನಲ್ಲ, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾದ ಮುಂಗಾರು ಅಧ್ಯಯನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಹಾಗೆ ಕೂಡಿಕೊಂಡಿವೆ. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ 46 ಜಾಗಗಳನ್ನು ಗುರುತಿಸಿದ್ದರು. ಅಮೆರಿಕ ಹೆಚ್ಚಿನ ಉಪಕರಣ ಕೊಟ್ಟಿತು. ಭಾರತ ಹಡಗು ಮತ್ತು ಸಿಬ್ಬಂದಿ ಕೊಟ್ಟಿತು. ಜಪಾನ್, ಇಂಡೋನೇಷ್ಯಾ, ಚೀನಾ ಕೂಡ ಕೈ ಹಾಕಿದವು. ಪಶ್ಚಿಮ ಭಾಗದಲ್ಲಿ ಸೊಮಾಲಿಯಾದ ಕಡಲ್ಗಳ್ಳರ ಭಯದಿಂದ ವರ್ಷಗಟ್ಟಲೆ ಕೆಲಸ ನಿಂತಿತು.

ಒಂದು ಬೋಯ್ ಹಾಳಾದರೆ ಸರಿಪಡಿಸಲು ಹಡಗು ಅಲ್ಲಿವರೆಗೆ ಹೋಗಬೇಕು. ಅಷ್ಟು ಹೊತ್ತು ಆ ಜಾಗದ ಗಾಳಿ, ಮಳೆ, ನೀರಿನ ಬಿಸಿ ಯಾವುದರ ಲೆಕ್ಕವೂ ಇಲ್ಲ. ಎಷ್ಟೋ ಸಲ ಅದೇ ಜಾಗದ ಮೇಲೆಯೇ ಚಂಡಮಾರುತ ಎದ್ದು ನಿಲ್ಲುತ್ತದೆ. ಬೋಯ್‌ನಿಂದ ದೂರ ಇರುವ ಬೋಟಿನ ತಾಂಡೇಲನೂ ಈ ಸಹಕಾರದಲ್ಲಿ ಪಾಲುದಾರ ಅಂತ ನಾನು ಹೇಳುವುದು ಸುಮ್ನೆ ಬಾಯಿಮಾತಿಗಲ್ಲ.

ಸುನಾಮಿ ಬಂದ್ರೆ ಈಗ ನಿಜವಾಗ್ಲೂ ಮೊದಲೇ ಗೊತ್ತಾಗುತ್ತಾ?

ಹೆಚ್ಚಿನ ಸಂದರ್ಭದಲ್ಲಿ ಹೌದು. 2004ರ ಡಿಸೆಂಬರ್ 26ರಂದು ಸುಮಾರು 2,30,000 ಜನ ಸತ್ತರು. ಸುಮಾತ್ರಾದಲ್ಲಿ ಭೂಕಂಪ ಆಗಿ ಎರಡು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ಚೆನ್ನೈಗೆ ಅಲೆ ಬಂತು. ಸಮಯ ಇತ್ತು, ಹೇಳುವವರು ಇರಲಿಲ್ಲ. ಪೆಸಿಫಿಕ್ ಸಾಗರದಲ್ಲಿ 1960ರ ದಶಕದಿಂದಲೇ ದೇಶಗಳು ಕೂಡಿ ಎಚ್ಚರಿಕೆ ವ್ಯವಸ್ಥೆ ನಡೆಸುತ್ತಿದ್ದವು. ನಮ್ಮ ಸಾಗರಕ್ಕೆ ಅಂಥದ್ದು ಒಂದೂ ಇರಲಿಲ್ಲ.

2005ರಲ್ಲಿ ಐಒಸಿ ಅಡಿಯಲ್ಲಿ ಇಲ್ಲಿನ ದೇಶಗಳು ಸೇರಿದವು. 2007ರಲ್ಲಿ ಇನ್‌ಕಾಯಿಸ್‌ನಲ್ಲಿ ಭಾರತದ ಕೇಂದ್ರ ಶುರುವಾಯಿತು. 2011ರಿಂದ ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಇಡೀ ಸಾಗರಕ್ಕೆ ಸೂಚನೆ ಕೊಡುತ್ತಿವೆ. ಯಾಕೆ ಮೂರು? ಒಂದು ಕೇಂದ್ರ ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಜನರನ್ನು ಎಬ್ಬಿಸಿ ಓಡಿಸುವ ನಿರ್ಧಾರ ಆಯಾ ದೇಶದ್ದೇ. ಹೊರಗಿನವರು ನಮ್ಮ ಊರಿಗೆ ಸೈರನ್ ಊದುವುದಿಲ್ಲ.

2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6 ತೀವ್ರತೆಯ ಭೂಕಂಪ ಆಯಿತು. ದಡದ ಊರುಗಳಲ್ಲಿ ಜನ ಓಡಿದರು. ಸಮುದ್ರತಳದ ಒತ್ತಡ ಅಳೆಯುವ ಯಂತ್ರಗಳನ್ನು ನೋಡಿದರೆ ಅಲೆ ತೀರಾ ಸಣ್ಣದು. ನೆಲ ಮೇಲೆ ಕೆಳಗೆ ಆಗದೆ ಪಕ್ಕಕ್ಕೆ ಜಾರಿತ್ತು, ಅದಕ್ಕೇ. ಆ ಅಳತೆಯಿಂದಲೇ ಎಚ್ಚರಿಕೆ ಹಿಂದೆಗೆಯಲು ಸಾಧ್ಯವಾಯಿತು.

ನಮ್ಮ ಪಶ್ಚಿಮ ಕರಾವಳಿಯವರು ಸುಮಾತ್ರಾ ಬಿಟ್ಟು ಇನ್ನೊಂದು ಹೆಸರನ್ನು ನೆನಪಿಡಬೇಕು: ಮಕ್ರಾನ್. ಇರಾನ್, ಪಾಕಿಸ್ತಾನದ ದಡದ ಕೆಳಗಿನ ಬಿರುಕು ಅದು. 1945ರ ನವೆಂಬರಿನಲ್ಲಿ ಅಲ್ಲಿ ಎದ್ದ ಸುನಾಮಿಗೆ ಮುಂಬೈಯಲ್ಲೂ ಜನ ಸತ್ತರು. ಹಾಗಾಗಿ ಪಾಕಿಸ್ತಾನದ, ಇರಾನಿನ, ಒಮಾನಿನ ಅಳತೆಗಳು ಮಂಗಳೂರಿಗೂ ಬೇಕು. ರಾಜಕೀಯ ಎಷ್ಟೇ ಕೆಟ್ಟಿರಲಿ, ಸಮುದ್ರಮಟ್ಟದ ಲೆಕ್ಕ ಹರಿದಾಡುತ್ತಲೇ ಇರಬೇಕು.

ಕೊನೆಯ ಕೊಂಡಿ ಹಳ್ಳಿ. ಒಡಿಶಾದ ವೆಂಕಟ್ರಾಯ್‌ಪುರ ಮತ್ತು ನೋಲಿಯಾಸಾಹಿ ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೋದ ಸುನಾಮಿ ಸನ್ನದ್ಧ ಎಂಬ ಮನ್ನಣೆ ಸಿಕ್ಕಿತು. ಓಡುವ ದಾರಿಯ ನಕ್ಷೆ, ಫಲಕ, ಅಣಕು ಕಾರ್ಯಾಚರಣೆ ಇವೆಲ್ಲ ಇದ್ದರೆ ಮಾತ್ರ ಅದು ಸಿಗುವುದು. ಇದು ಕರ್ನಾಟಕದ ಪ್ರತಿ ಮೀನುಗಾರರ ಕೇರಿಯಲ್ಲೂ ಆಗಬೇಕಾದ ಕೆಲಸ. ದೊಡ್ಡ ಖರ್ಚಿನದೂ ಅಲ್ಲ.

ಮೀನು ಎಲ್ಲಿ ಸಿಗುತ್ತೆ ಅಂತ ಮೆಸೇಜ್ ಬರುತ್ತಲ್ಲ, ಅದಕ್ಕೂ ವಿದೇಶಕ್ಕೂ ಏನು ಸಂಬಂಧ?

ಆ ಸೂಚನೆ ಬರುವುದು ಎರಡು ಸಂಗತಿ ನೋಡಿ: ಮೇಲ್ಪದರದ ನೀರಿನ ಬಿಸಿ ಎಷ್ಟು, ನೀರಿನ ಬಣ್ಣ ಎಷ್ಟು ಹಸಿರು. ಎರಡೂ ಉಪಗ್ರಹದಿಂದ ಸಿಗುತ್ತವೆ. ಇಸ್ರೋದ ಓಷನ್‌ಸ್ಯಾಟ್ ಜೊತೆಗೆ ಹೊರದೇಶದ ಉಪಗ್ರಹಗಳ ಮಾಹಿತಿಯೂ ಸೇರುತ್ತದೆ. ಕೊಡುವ ಕಡೆಯೂ ನಾವಿದ್ದೇವೆ. 2013ರ ಸರಳ್ ಉಪಗ್ರಹ ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ ಮಾಡಿದ್ದು, ಸಮುದ್ರದ ಎತ್ತರ ಅಳೆಯಲು. 2022ರ ನವೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್-3ರಲ್ಲೂ ಫ್ರಾನ್ಸಿನ ಒಂದು ಉಪಕರಣ ಇದೆ.

ಇಲ್ಲಿ ನನ್ನದೊಂದು ತಕರಾರು. ಎಲ್ಲಿ ಹಿಡಿಯಬೇಕು ಎಂದು ಈ ಸೂಚನೆ ಹೇಳುತ್ತದೆ, ಎಷ್ಟು ಹಿಡಿಯಬೇಕು ಎಂದು ಹೇಳುವುದಿಲ್ಲ. ಡೀಸೆಲ್ ಉಳಿಯುತ್ತದೆ, ಒಳ್ಳೆಯದು. ಆದರೆ ಮರಿಗಳನ್ನೂ ಬಾಚಿಕೊಂಡರೆ ವಿಜ್ಞಾನ ಬರೀ ದಾರಿ ತೋರಿಸಿದಂತಾಯಿತು, ಅಷ್ಟೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ, ಬಲೆಯ ಕಣ್ಣಿನ ಅಳತೆ, ಲೈಟ್ ಫಿಶಿಂಗ್ (ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ತಡೆ ಇವೂ ಜೊತೆಗೆ ಬಿಗಿಯಾಗಿರಬೇಕು.

## ಇನ್ನೂ ಸ್ವಲ್ಪ ಆಳಕ್ಕೆ

ಮಾಲ್ಡೀವ್ಸ್, ಸೇಶೆಲ್ಸ್ ತರದ ಸಣ್ಣ ದೇಶಗಳು ಏನು ಕೊಡ್ತಾವೆ? ತಗೊಳ್ಳೋದೇ ಅಲ್ವಾ?

ನನಗೆ ಜಾಸ್ತಿ ಸಿಟ್ಟು ಬರಿಸುವ ಪ್ರಶ್ನೆ ಇದು. ಸೇಶೆಲ್ಸ್ ನೆಲ ಚಿಕ್ಕದು, ಆದರೆ ಅದರ ಸಮುದ್ರ 10 ಲಕ್ಷ ಚದರ ಕಿ.ಮೀ.ಗಿಂತ ದೊಡ್ಡದು. ಅಲ್ಲಿ ಅಳೆಯಲು ಅನುಮತಿ, ಬಂದರು, ಸ್ಥಳೀಯ ತಿಳಿವಳಿಕೆ ಅವರೇ ಕೊಡಬೇಕು. ಈ ಸಾಗರದ ಟ್ಯೂನಾ ಆಯೋಗದ ಕಚೇರಿ ಇರುವುದೂ ಅವರ ರಾಜಧಾನಿ ವಿಕ್ಟೋರಿಯಾದಲ್ಲೇ. ಸಾಲದ ಒಂದು ಭಾಗವನ್ನು ಸಮುದ್ರ ಕಾಯುವ ಕೆಲಸಕ್ಕೆ ತಿರುಗಿಸಿಕೊಂಡು, 2020ರ ಹೊತ್ತಿಗೆ ತಮ್ಮ ಸಮುದ್ರದ ಸುಮಾರು 30% ಭಾಗಕ್ಕೆ ರಕ್ಷಣೆ ಕೊಟ್ಟರು. ಮಾರಿಷಸ್ ಜೊತೆ 2012ರಲ್ಲಿ ಒಪ್ಪಂದ ಮಾಡಿಕೊಂಡು ಸುಮಾರು 3,96,000 ಚದರ ಕಿ.ಮೀ. ಸಮುದ್ರತಳವನ್ನು ಇಬ್ಬರೂ ಒಟ್ಟಿಗೆ ನೋಡಿಕೊಳ್ಳುತ್ತಾರೆ. ಗಡಿಗೆ ಜಗಳವಾಡುವ ಬದಲು ಹಂಚಿಕೊಂಡರು. ದೊಡ್ಡ ದೇಶಗಳು ಇಂಥ ಕೆಲಸ ಎಷ್ಟು ಮಾಡಿವೆ ಹೇಳಿ.

ಮಾಲ್ಡೀವ್ಸ್‌ನವರು ಟ್ಯೂನಾವನ್ನು ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ಬೇಡದ ಮೀನು, ಆಮೆ ಸಾಯುವುದು ತೀರಾ ಕಡಿಮೆ. ಆಫ್ರಿಕಾದ ಕಡೆ ಜಾಂಜಿಬಾರಿನಲ್ಲಿ 1993ರಿಂದ ಪಶ್ಚಿಮ ಹಿಂದೂ ಮಹಾಸಾಗರದ ವಿಜ್ಞಾನಿಗಳ ಸಂಘವೇ ಇದೆ. ಕೀನ್ಯಾ, ತಾಂಜಾನಿಯಾ, ಮೊಜಾಂಬಿಕ್‌ನ ಯುವ ಸಂಶೋಧಕರಿಗೆ ಅದು ಸಹಾಯಧನ ಕೊಡುತ್ತದೆ.

ವಿದೇಶಿ ಹಡಗು ಸಂಶೋಧನೆ ಹೆಸರಲ್ಲಿ ಬರೋದು ಬೇಹುಗಾರಿಕೆಗೆ ಅಲ್ವಾ?

ಸಂಶಯ ಪೂರ್ತಿ ಸುಳ್ಳಲ್ಲ. ನೀರಿನ ಬಿಸಿ, ಉಪ್ಪು, ತಳದ ಆಕಾರ ಗೊತ್ತಿದ್ದರೆ ಮೀನಿಗೂ ಉಪಯೋಗ, ಜಲಾಂತರ್ಗಾಮಿಗೂ ಉಪಯೋಗ. ಅದಕ್ಕೇ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ನಿಯಮ ಇದೆ. ಇನ್ನೊಂದು ದೇಶದ ಆರ್ಥಿಕ ವಲಯದಲ್ಲಿ ಸಂಶೋಧನೆ ಮಾಡಬೇಕಾದರೆ ಆರು ತಿಂಗಳು ಮೊದಲೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಆ ದೇಶದ ವಿಜ್ಞಾನಿಗಳಿಗೆ ಹಡಗಿನಲ್ಲಿ ಜಾಗ ಕೊಡಬೇಕು, ಸಿಕ್ಕ ಫಲಿತಾಂಶವನ್ನೂ ಕೊಡಬೇಕು.

ಕಷ್ಟ ಆಗುವುದು ಒಪ್ಪಿಗೆ ಪತ್ರ ಮೇಜಿನಿಂದ ಮೇಜಿಗೆ ಅಲೆದಾಗ. ಹಡಗಿನ ಸರದಿ ಕಳೆದುಹೋಗುತ್ತದೆ, ಮುಂಗಾರು ಬಂದು ಹೋಗುತ್ತದೆ. ಶ್ರೀಲಂಕಾ 2024ರಲ್ಲಿ ಒಂದು ವರ್ಷ ವಿದೇಶಿ ಸಂಶೋಧನಾ ಹಡಗುಗಳನ್ನೇ ತಡೆಯಿತು. ಭಾರತ, ಚೀನಾ ನಡುವಿನ ತಿಕ್ಕಾಟದಲ್ಲಿ ಅವರಿಗೆ ಬೇರೆ ದಾರಿ ಕಾಣಲಿಲ್ಲವೇನೋ. ಇದಕ್ಕೊಂದು ಒಳ್ಳೆಯ ಉಪಾಯವೂ ಇದೆ. ನಾರ್ವೆಯ ಡಾ. ಫ್ರಿಡ್‌ಟ್ಯೋಫ್ ನಾನ್ಸೆನ್ ಹಡಗು ವಿಶ್ವಸಂಸ್ಥೆಯ ಬಾವುಟ ಹಾರಿಸಿಕೊಂಡು ಮೀನಿನ ಸಮೀಕ್ಷೆ ಮಾಡುತ್ತದೆ. ಒಂದು ದೇಶದ ನೀರಿನಿಂದ ಇನ್ನೊಂದಕ್ಕೆ ದಾಟುವುದು ಅದಕ್ಕೆ ಸುಲಭ.

ನಮ್ಮ ವಿಜ್ಞಾನಿಗಳು ಏನಾದ್ರೂ ಹೊಸದು ಕಂಡುಹಿಡಿದಿದ್ದಾರಾ, ಬರೀ ಡೇಟಾ ಕೊಡ್ತಾರಾ? ಕರ್ನಾಟಕದ ಪಾಲು ಏನು?

1999ರಲ್ಲಿ ಒಂದು ಪ್ರಬಂಧ ಬಂತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾದಾಗ ಪೂರ್ವ ಭಾಗ ತಣ್ಣಗಾಗುತ್ತದೆ, ಕೆಲವು ವರ್ಷ ಇದು ತಿರುವುಮುರುವು ಆಗುತ್ತದೆ ಎಂದು ಅದು ತೋರಿಸಿತು. ಈಗ ಮಳೆ ಸುದ್ದಿಯಲ್ಲಿ ಇಂಡಿಯನ್ ಓಷನ್ ಡೈಪೋಲ್ ಅಂತ ಕೇಳುತ್ತೀರಲ್ಲ, ಅದು. ಬರೆದವರು ಎನ್.ಎಚ್. ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ಜಪಾನಿನ ತೊಶಿಯೊ ಯಮಗಾತಾ. ನಾಲ್ವರಲ್ಲಿ ಮೂವರು ಭಾರತೀಯರು. 2019ರಲ್ಲಿ ಇದು ವಿಪರೀತ ಜೋರಾಗಿತ್ತು. ಅದೇ ವರ್ಷದ ಕೊನೆಗೆ ಪೂರ್ವ ಆಫ್ರಿಕಾದಲ್ಲಿ ನೆರೆ, ಆಸ್ಟ್ರೇಲಿಯಾದಲ್ಲಿ ಕಾಡ್ಗಿಚ್ಚು.

ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 2016ರ ಮಳೆಗಾಲದಲ್ಲಿ ಇನ್ನೊಂದು ಕೆಲಸ ನಡೆಯಿತು. ಸಿಂಧು ಸಾಧನಾ ಹಡಗಿನಲ್ಲಿ ಬಂಗಾಳ ಕೊಲ್ಲಿಯ ದಕ್ಷಿಣಕ್ಕೆ ಹೋದರು. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ನೀರೊಳಗೆ ತಾವೇ ಸಂಚರಿಸುವ ಗ್ಲೈಡರ್ ಯಂತ್ರಗಳನ್ನು ತಂದಿದ್ದರು. ಅರಬ್ಬಿ ಸಮುದ್ರದ ಉಪ್ಪು ನೀರು ಶ್ರೀಲಂಕಾ ಬಳಸಿ ಕೊಲ್ಲಿಯ ಸಿಹಿ ಪದರದ ಅಡಿಗೆ ಹೇಗೆ ನುಗ್ಗುತ್ತದೆ ಎಂದು ಅಳೆದರು. ಮಳೆ ಎದ್ದು ಬರುವ ಬಗೆಗೂ ಇದಕ್ಕೂ ನಂಟಿದೆ.

ಉಳಿದಂತೆ ಇಸ್ರೋ ಬೆಂಗಳೂರಿನದ್ದು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ದೇಶದಲ್ಲೇ ಮೊದಲನೆಯದು. ಆದರೂ ಸುಮಾರು 320 ಕಿ.ಮೀ. ಕರಾವಳಿ ಇರುವ ರಾಜ್ಯಕ್ಕೆ ಇದು ಕಮ್ಮಿಯೇ. ಬೆಂಗಳೂರಿನ ಲೆಕ್ಕಾಚಾರವೂ ಮಲ್ಪೆಯವರ ಅನುಭವವೂ ಇನ್ನೂ ಜಾಸ್ತಿ ಭೇಟಿಯಾಗಬೇಕು.

ದುಡ್ಡು ಯಾರು ಕೊಡ್ತಾರೆ? ಅವರು ನಿಲ್ಲಿಸಿದ್ರೆ?

ಹೆಚ್ಚಿನದು ಆಯಾ ದೇಶದ ಸರ್ಕಾರ. ದೇಶಗಳು ಸಂಶೋಧನೆಗೆ ಖರ್ಚು ಮಾಡುವುದರಲ್ಲಿ ಸಾಗರ ವಿಜ್ಞಾನಕ್ಕೆ ಸಿಗುವುದು ಸರಾಸರಿ 1.7% ಮಾತ್ರ ಎಂದು ಐಒಸಿಯ 2020ರ ವರದಿ ಹೇಳಿತ್ತು. ಆರ್ಗೋ ಯಂತ್ರಗಳಲ್ಲಿ ಅರ್ಧದಷ್ಟು ಅಮೆರಿಕದ್ದೇ. ವಾಷಿಂಗ್ಟನ್ನಿನಲ್ಲಿ ಬಜೆಟ್‌ಗೆ ಕತ್ತರಿ ಬಿದ್ದರೆ ನಮ್ಮ ಮುಂಗಾರು ಮುನ್ಸೂಚನೆಗೂ ಪೆಟ್ಟು. ಅದಕ್ಕೇ ಈ ಪ್ರದೇಶದ ದೇಶಗಳು ತಮ್ಮದೇ ಹಡಗು, ಬೋಯ್, ತಂತ್ರಜ್ಞರನ್ನು ಬೆಳೆಸಿಕೊಳ್ಳಬೇಕು. ಹೊಸ ಯೋಜನೆ ಉದ್ಘಾಟಿಸಲು ಎಲ್ಲರೂ ಬರುತ್ತಾರೆ, ಹಳೆಯ ಯಂತ್ರದ ರಿಪೇರಿಗೆ ಹಣ ಬರೆಯುವವರು ಕಡಿಮೆ.

ಸಮುದ್ರತಳದಲ್ಲಿ ಗಣಿ ಮಾಡ್ತಾರಂತೆ. ಇದೇನಾ ನಿಮ್ಮ ಸುಸ್ಥಿರ ವಿಜ್ಞಾನ?

ಭಾರತಕ್ಕೆ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿ.ಮೀ. ಜಾಗದಲ್ಲಿ ಲೋಹದ ಉಂಡೆಗಳನ್ನು ಹುಡುಕಲು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಗುತ್ತಿಗೆ ಇದೆ. ಹುಡುಕಲು ಮಾತ್ರ, ತೆಗೆಯಲು ಅಲ್ಲ. ಗೋವಾ ಸಂಸ್ಥೆಯವರು 1997ರಲ್ಲೇ ಅಲ್ಲಿ ತಳವನ್ನು ಬೇಕೆಂದೇ ಕಲಕಿ, ಜೀವಿಗಳ ಗತಿ ಏನಾಗುತ್ತದೆ ಎಂದು ನೋಡಿದ್ದರು. ಅಂಥ ಅಧ್ಯಯನ ಇನ್ನಷ್ಟು ಆಗದೆ ಯಂತ್ರ ಇಳಿಸಬಾರದು ಅನ್ನುವುದು ನನ್ನ ನಿಲುವು.

ಯಾವ ದೇಶಕ್ಕೂ ಸೇರದ ಸಮುದ್ರದ ಜೀವಿಗಳನ್ನು ಕಾಯುವ ಒಪ್ಪಂದ 2023ರಲ್ಲಿ ಅಂಗೀಕಾರವಾಗಿ 2026ರ ಜನವರಿ 17ರಿಂದ ಜಾರಿಗೆ ಬಂದಿದೆ. ಭಾರತ 2024ರಲ್ಲಿ ಸಹಿ ಹಾಕಿತು. ಅಲ್ಲಿ ಸಿಗುವ ಜೀವಿಗಳಿಂದ ಔಷಧ ಮಾಡಿ ಲಾಭ ಬಂದರೆ ಹಂಚಿಕೊಳ್ಳಬೇಕು, ಹಡಗಿಲ್ಲದ ದೇಶಗಳಿಗೂ ತರಬೇತಿ ಸಿಗಬೇಕು ಎಂದು ಅದರಲ್ಲಿದೆ.

ಮಗಳಿಗೆ ಸಮುದ್ರ ವಿಜ್ಞಾನ ಓದೋ ಆಸೆ. ಎಲ್ಲಿಂದ ಶುರು ಮಾಡೋದು?

ಪಿಯುಸಿಯಲ್ಲಿ ಗಣಿತ ಬಿಡದಿರಲಿ. ಜೀವಿಗಳ ಕಡೆ ಒಲವಿದ್ದರೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ, ಮೀನಿನ ಕಡೆಯಾದರೆ ಮಂಗಳೂರು. ಅಲೆ, ಹವಾಮಾನ ಅಂದರೆ ಭೌತಶಾಸ್ತ್ರ ಓದಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೋ ಗೋವಾಕ್ಕೋ ಪ್ರಯತ್ನಿಸಬಹುದು. ಇನ್‌ಕಾಯಿಸ್‌ನಲ್ಲಿ ಯುನೆಸ್ಕೋ ಮನ್ನಣೆಯ ತರಬೇತಿ ಕೇಂದ್ರ ಇದೆ. ಅಲ್ಲಿಗೆ ಆಫ್ರಿಕಾ, ಏಷ್ಯಾದ ಬೇರೆ ದೇಶಗಳಿಂದಲೂ ಕಲಿಯಲು ಬರುತ್ತಾರೆ. ಅಷ್ಟರವರೆಗೆ ಕಾಯಬೇಕಿಲ್ಲ. ಆರ್ಗೋ ಅಳತೆಗಳು ಪುಕ್ಕಟೆ ಸಿಗುತ್ತವೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಸ್ವಲ್ಪ ಕಲಿತು ಲಕ್ಷದ್ವೀಪದ ಹತ್ತಿರದ ಒಂದು ಯಂತ್ರದ ಲೆಕ್ಕ ಇಳಿಸಿಕೊಂಡು, ಮಳೆಗಾಲಕ್ಕೆ ಮೊದಲೂ ಆಮೇಲೂ ನೀರಿನ ಬಿಸಿ ಆಳಕ್ಕೆ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆದು ನೋಡಲಿ. ಅದು ಹಿಡಿಸಿದರೆ ಮುಂದಿನ ಅರ್ಜಿ ತುಂಬಿ.